ಬಜೆಟ್ ಕಡಿಮೆಯಿದ್ದಾಗ ಬಳಸಿದ ಬಿಎಂಡಬ್ಲ್ಯೂ 3 ಸೀರೀಸ್ ಕೊಳ್ಳಬೇಕೋ, ಲೆಕ್ಸಸ್ ಐಎಸ್ ಕೊಳ್ಳಬೇಕೋ?

ಕೈಯಲ್ಲಿರುವ ಹಣವೆಲ್ಲ ಖರೀದಿಗೇ ಮುಗಿಯುವುದಾದರೆ ಲೆಕ್ಸಸ್ ಐಎಸ್ ಕೊಳ್ಳಿ. ರಿಪೇರಿಗೆಂದು ಗಣನೀಯ ಮೊತ್ತ ಉಳಿಯುವುದಾದರೆ ಮಾತ್ರ 3 ಸೀರೀಸ್‌ನತ್ತ ನೋಡಿ. ಹಳೆಯದಾದಂತೆ ಕಾರಿನ ಬೆಲೆ ಇಳಿಯುತ್ತದೆಯಾದರೂ ಬಿಡಿಭಾಗಗಳ ಮತ್ತು ದುರಸ್ತಿಯ ದರ ದುಬಾರಿ ಕಾರಿನದ್ದಾಗಿಯೇ ಉಳಿಯುವುದರಿಂದ, ಅಗ್ಗಕ್ಕೆ ಸಿಕ್ಕ ಕಾರನ್ನು ಅಗ್ಗವಾಗಿ ಸಾಕಲಾಗುವುದಿಲ್ಲ. ಬಿಎಂಡಬ್ಲ್ಯೂನ ಎನ್47 ಡೀಸೆಲ್ ಎಂಜಿನ್ನನ್ನೇ ನೋಡಿ: ಕವಾಟಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಚೈನ್ ಅದರಲ್ಲಿ ಹಿಂಬದಿಗೆ, ಗೇರ್‌ಬಾಕ್ಸ್ ಕಡೆಗೆ ಇರುವುದರಿಂದ, ಸವೆದ ಚೈನ್ ಬದಲಿಸಲು ಸಾಮಾನ್ಯವಾಗಿ ಎಂಜಿನ್ನನ್ನೇ ಹೊರತೆಗೆಯಬೇಕಾಗುತ್ತದೆ. ಲೆಕ್ಸಸ್‌ನ ಐಎಸ್ 350 ಮಾದರಿಯ 3.5 ಲೀಟರ್ ವಿ6 (ಆರು ಸಿಲಿಂಡರ್) ಎಂಜಿನ್‌ಗೆ, ಹೆಚ್ಚುವರಿ ಗಾಳಿ ತುಂಬುವ ಟರ್ಬೊ ಇಲ್ಲದ ಕಾರಣ ಕೆಡುವ ಭಾಗಗಳೂ ಕಡಿಮೆ. ಓಡಿಸುವ ಸುಖದಲ್ಲಿ ಬಿಎಂಡಬ್ಲ್ಯೂ ಮುಂದಿದೆ, ಅದು ನಿಜ. ಯಾವುದನ್ನೇ ಆರಿಸಿದರೂ ಸರ್ವಿಸ್ ದಾಖಲೆಯಿಲ್ಲದ ಕಾರನ್ನು ಬಿಟ್ಟುಬಿಡಿ. ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ, ಗಡಗಡ ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಳ್ಳಿ.