ಹೆರಿಗೆ ತನಕ ಕಾಯಬೇಡಿ, ಇವತ್ತೇ ಫೋನ್ ಮಾಡಿ

ತಂಗಿ, ನಿಮ್ಮ ಪತ್ರ ಓದಿದ ಮೇಲೆ ಬೇರೆ ಪತ್ರಗಳನ್ನು ಮುಟ್ಟಲು ಮನಸ್ಸೇ ಬರಲಿಲ್ಲ. ಸರದಿ ತಪ್ಪಿಸಿ ನಿಮಗೇ ಮೊದಲು ಬರೆಯುತ್ತಿದ್ದೇನೆ.

ಉಳಿದವರಿಗಾಗಿ ವಿಷಯ ಇಷ್ಟು. ಇವರಿಗೆ ಈಗ 26 ವಾರ, ಚೊಚ್ಚಲ ಬಸುರಿ. ಮೀನಖಂಡದ ಮೇಲಿದ್ದ ಹಳೇ ಮಚ್ಚೆ ದೊಡ್ಡದಾಗಿದೆ ಅಂತ ಚರ್ಮದ ಡಾಕ್ಟರಿಗೆ ತೋರಿಸಿದ್ದಾರೆ. ಅವರು ಚೀಟಿಯಲ್ಲಿ ಮೆಲನೋಮಾ (ಒಂದು ಥರದ ಚರ್ಮದ ಕ್ಯಾನ್ಸರ್) ಎಂದು ಬರೆದು ಪಕ್ಕದಲ್ಲೊಂದು ಪ್ರಶ್ನೆ ಗುರುತು ಹಾಕಿ, ಮಚ್ಚೆ ತೆಗೆದು ಬಯಾಪ್ಸಿಗೆ ಕಳಿಸಲು ದಿನವನ್ನೂ ಕೊಟ್ಟಿದ್ದಾರೆ. ಆದರೆ ಎರಡು ಹೆತ್ತ ನಾದಿನಿ, 'ಬಸುರಿಯರಿಗೆ ಮಚ್ಚೆ ಕಪ್ಪಾಗೋದು ಸಹಜ, ಇಂಜೆಕ್ಷನ್ ಮಗುವಿಗೆ ತಾಗುತ್ತೆ, ಹೆರಿಗೆ ಆದಮೇಲೆ ನೋಡಿದರಾಯಿತು' ಅಂದರಂತೆ. ಗಂಡ ಬಾಯಿ ಬಿಡಲಿಲ್ಲ. ಇವರು ಅಪಾಯಿಂಟ್‌ಮೆಂಟ್ ರದ್ದು ಮಾಡಿದರು. ಈಗ ಕೇಳುತ್ತಿರುವ ಪ್ರಶ್ನೆ: 'ನಾದಿನಿಗೆ ಬೇಜಾರಾಗದ ಹಾಗೆ ಹೇಗೆ ಒಪ್ಪಿಸಲಿ?'

ಮೂರು ಪುಟ ನಾದಿನಿಯ ಬಗ್ಗೆಯೇ ಬರೆದಿದ್ದೀರಿ. ನಡುವೆ ಎಲ್ಲೋ ಒಂದು ಸಾಲು ಹಾಗೇ ಜಾರಿಹೋಗಿದೆ. ಪ್ರತಿ ತಿಂಗಳು ಪಕ್ಕದಿಂದ ಹೊಟ್ಟೆಯ ಫೋಟೋ ತೆಗೆದುಕೊಳ್ಳುತ್ತೀರಿ, ಮೂರನೇ ತಿಂಗಳ ಫೋಟೋದಲ್ಲಿ ಕಾಲಿನ ಮಚ್ಚೆ ಹುಡುಕಿದರೂ ಕಾಣುವುದಿಲ್ಲ, ಆರನೇ ತಿಂಗಳದ್ದರಲ್ಲಿ ದೊಡ್ಡದು ಮಾಡದೆಯೇ ಕಾಣುತ್ತೆ, 'ಬೆಳಕಿನ ವ್ಯತ್ಯಾಸ ಇರಬಹುದು ಬಿಡಿ' ಅಂತ. ನಾನು ಅದನ್ನು ಬಿಡುವುದಿಲ್ಲ. ಒಂದು ಕಡೆ ಕಂದು, ಇನ್ನೊಂದು ಕಡೆ ಕಪ್ಪು, ಅಂಚು ಕಾಗದದ ಮೇಲೆ ಶಾಯಿ ಹರಡಿದ ಹಾಗೆ, ಪೆನ್ಸಿಲ್ ಹಿಂದಿನ ರಬ್ಬರಿಗಿಂತ ಅಗಲ ಅಂತ ನೀವೇ ಬರೆದಿದ್ದೀರಿ. ಡಾಕ್ಟರುಗಳು ಮಚ್ಚೆಯಲ್ಲಿ ನೋಡುವುದು ಇವನ್ನೇ: ಎರಡು ಅರ್ಧ ಒಂದೇ ಥರ ಇಲ್ಲದಿರುವುದು, ಹರಕು ಅಂಚು, ಬೇರೆ ಬೇರೆ ಬಣ್ಣ, 6 ಮಿಲಿಮೀಟರಿಗಿಂತ ಜಾಸ್ತಿ ಅಗಲ, ಎಲ್ಲಕ್ಕಿಂತ ಮುಖ್ಯವಾಗಿ, ಬದಲಾಗುತ್ತಾ ಹೋಗುವುದು. ನಿಮ್ಮ ಫೋನಿನಲ್ಲಿ ತಿಂಗಳು ತಿಂಗಳು ದಾಖಲಾಗಿರುವುದು ಆ ಬದಲಾವಣೆಯೇ ಅಲ್ವಾ?

ಬಸುರಿನಲ್ಲಿ ಹೊಟ್ಟೆ, ಎದೆಯ ಮೇಲಿನ ಮಚ್ಚೆ ಚರ್ಮ ಹಿಗ್ಗಿದಂತೆ ಸ್ವಲ್ಪ ಅಗಲ ಆಗಬಹುದು. ಹೊಟ್ಟೆಯ ಮಧ್ಯದ ಕಪ್ಪು ಗೆರೆ, ಮುಖದ ಕಂದು ಛಾಯೆ, ಇವೆಲ್ಲ ಇರುವುದೇ. ಆದರೆ ಮೀನಖಂಡ ಹೊಟ್ಟೆಯ ಹಾಗೆ ಹಿಗ್ಗುತ್ತದಾ? ಕಾಲಿನ ಒಂದೇ ಮಚ್ಚೆ ಹೀಗೆ ಆಕಾರ, ಬಣ್ಣ ಬದಲಿಸಿದರೆ ಅದನ್ನು ಬಸುರಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವ ಹಾಗಿಲ್ಲ.

'ಬಸುರಿಯರಲ್ಲಿ ಅದೆಲ್ಲ ಸಹಜ' ಅನ್ನುವ ಮಾತಿನ ಮೇಲೆ ನನಗೆಷ್ಟು ಸಿಟ್ಟು ಅಂತ ಈ ಅಂಕಣ ಓದುವವರಿಗೆ ಗೊತ್ತು. ಕಾರಣ ಕೈಗೆ ಸಿಕ್ಕಿಬಿಟ್ಟರೆ ಯಾರೂ ಮುಂದೆ ಹುಡುಕುವುದಿಲ್ಲ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳಿನ ಉಗುರಿನಡಿ ಮೆಲನೋಮಾ ಪತ್ತೆಯಾಯಿತು. ಅದಕ್ಕೂ ಮೊದಲು ಅದನ್ನು ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಅಂದುಕೊಂಡಿದ್ದರು. 1981ರಲ್ಲಿ, 36ನೇ ವಯಸ್ಸಿಗೆ, ತೀರಿಕೊಂಡರು.

ನಿಮ್ಮ ನಾದಿನಿಯ ಮೇಲೆ ನನಗೆ ಕನಿಕರ ಇಲ್ಲ. ಎರಡು ಹೆತ್ತ ಮಾತ್ರಕ್ಕೆ ಡಾಕ್ಟರ ಚೀಟಿ ತಳ್ಳಿಹಾಕುವ ಹಕ್ಕು ಬರುವುದಿಲ್ಲ. ಗಂಡ ಹೆದರಿ ಸುಮ್ಮನಾಗಿದ್ದಾನೆ ಅನಿಸುತ್ತದೆ, ಅವನನ್ನು ಬೈಯಬೇಡಿ, ಜೊತೆಗೆ ಕರೆದುಕೊಂಡು ಹೋಗಿ. 'ಹೋಗಿ ಬಾರಮ್ಮ' ಅಂದವರು ಅತ್ತೆಯೊಬ್ಬರೇ. ಅವರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಆ ಹಿರಿಯರ ಕೈ ಹಿಡಿದುಕೊಳ್ಳಿ.

ಇಂಜೆಕ್ಷನ್ ಭಯಕ್ಕೆ ಬರೋಣ. ಮಚ್ಚೆಯ ಸುತ್ತ ಮಾತ್ರ ಮರಗಟ್ಟಿಸಿ ತೆಗೆಯುತ್ತಾರೆ, ಪ್ರಜ್ಞೆ ತಪ್ಪಿಸುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಬಳಸುವ ಲಿಡೋಕೇನನ್ನು ಬಸುರಿಯರಿಗೆ ಹಲ್ಲಿನ ಡಾಕ್ಟರೂ ಕೊಡುತ್ತಾರೆ. ಈ ಬಯಾಪ್ಸಿಯನ್ನು ಯಾವ ತಿಂಗಳಲ್ಲಾದರೂ ಮಾಡಬಹುದು. ಅಂಗಾತ ಮಲಗಿಸದೆ ಎಡಕ್ಕೆ ಒರಗಿಸಿ ಅಂತ ಮಾತ್ರ ಹೇಳಿ. ಲೇಸರ್ ಹಾಕಿ ಸುಡಿಸುವುದು, ಮುಲಾಮು ಹಚ್ಚಿ ಉದುರಿಸುವುದು ಖಂಡಿತ ಬೇಡ, ಲ್ಯಾಬಿಗೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ಅದು ಮೆಲನೋಮಾ ಅಲ್ಲ ಅಂತಲೂ ವರದಿ ಬರಬಹುದು. ಹಾಗೇ ಬರಲಿ ಅಂತ ನಾನೂ ಬೇಡಿಕೊಳ್ಳುತ್ತೇನೆ. ಹೌದು ಅಂತ ಬಂದರೆ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದರ ಮೇಲೆ ಮುಂದಿನದು ನಿಂತಿದೆ. ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ವೈದ್ಯರು 1970ರಲ್ಲಿ ತೋರಿಸಿಕೊಟ್ಟ ಅಳತೆ ಅದು. 1 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಸುತ್ತಲಿನ ಚರ್ಮವನ್ನು ಸುಮಾರು 1 ಸೆಂಟಿಮೀಟರ್ ತೆಗೆದು ಹೊಲಿಯುವುದರಲ್ಲೇ ಹೆಚ್ಚಿನವರ ಚಿಕಿತ್ಸೆ ಮುಗಿಯುತ್ತದೆ. ಅಷ್ಟಕ್ಕೆ ಬಸುರು ತೆಗೆಸಬೇಕಾಗಿಲ್ಲ. ಮೆಲನೋಮಾ ಮಾಸಿಗೆ, ಮಗುವಿಗೆ ತಲುಪುವುದು ಬಹಳ ಅಪರೂಪ, ಅದೂ ತಾಯಿಯ ಮೈಯಲ್ಲಿ ದೂರದೂರಕ್ಕೆ ಹರಡಿದಾಗ. ಹಾಗೆ ಹರಡಿದ ಮೇಲೆ ಕೊಡುವ ಕೆಲವು ಔಷಧಿಗಳನ್ನು ಬಸುರಿಗೆ ಕೊಡಲು ಡಾಕ್ಟರುಗಳೇ ಹಿಂಜರಿಯುತ್ತಾರೆ. ಮಗುವಿಗೆ ಏನಾಗುತ್ತೋ ಅಂತ ಹೆದರುವವರು ಕಾಯಬಾರದು. ಇನ್ನು 14 ವಾರ ಅಂದರೆ ಮೂರು ತಿಂಗಳಿಗೂ ಜಾಸ್ತಿ ಆಯಿತಲ್ಲ.

ನಾದಿನಿಯನ್ನು ಒಪ್ಪಿಸುವ ದಾರಿ ನಾನು ಹೇಳಿಕೊಡುವುದಿಲ್ಲ. ಕಾಲು ನಿಮ್ಮದು, ಅವರ ಒಪ್ಪಿಗೆ ಬೇಕಾಗಿಲ್ಲ.

ಮಾಡಬೇಕಾದ್ದು ಒಂದೇ. ಇದನ್ನು ಓದಿ ಮುಗಿಸಿದ ತಕ್ಷಣ ಆ ಕ್ಲಿನಿಕ್ಕಿಗೆ ಫೋನ್ ಮಾಡಿ. 'ನಾನು ಬಸುರಿ, 26 ವಾರ, ಮೆಲನೋಮಾ ಇರಬಹುದು ಅಂತ ಬಯಾಪ್ಸಿಗೆ ಬರೆದಿದ್ದರು, ಹೆದರಿ ರದ್ದು ಮಾಡಿದ್ದೆ, ಈ ವಾರವೇ ಬರುತ್ತೇನೆ' ಅಂತ ಹೇಳಿ. ನಿಮ್ಮ ಹೆರಿಗೆ ಡಾಕ್ಟರಿಗೂ ತಿಳಿಸಿ. ಹೋಗುವಾಗ ಮೂರನೇ ತಿಂಗಳ ಫೋಟೋ, ಆರನೇ ತಿಂಗಳ ಫೋಟೋ, ಎರಡನ್ನೂ ಫೋನಿನಲ್ಲಿ ತೆಗೆದಿಟ್ಟುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.