ಕೆಇಆರ್‌ಸಿ ವಿಚಾರಣೆಗೆ ಹೋಗಿ ಮಾತಾಡಿದರೆ ಎಚ್‌ಟಿ ದರ ಇಳಿಯುತ್ತಾ?

ಹಾಸನದಲ್ಲಿ ಎಚ್‌ಟಿ, ಅಂದರೆ ಹೈ ಟೆನ್ಷನ್ ಸಂಪರ್ಕದ ಕಾರ್ಖಾನೆ ಇದೆ, ಚಿಕ್ಕಮಗಳೂರಲ್ಲಿ ಇನ್ನೊಂದು ಘಟಕ ಇದೆ ಅಂದಿದ್ದೀರಿ. ಕರೆಂಟ್ ದರದ ಬಗ್ಗೆ ಆಕ್ಷೇಪಣೆ ಕರೆದು ಪೇಪರಿನಲ್ಲಿ ಪ್ರಕಟಣೆ ಬಂದಿದೆ, ಮೈಸೂರಿನ ತನಕ ಹೋಗಿ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಮಾತಾಡಿದರೆ ಏನಾದರೂ ಉಪಯೋಗ ಇದೆಯಾ, ಇಲ್ಲ ಎಲ್ಲ ಮೊದಲೇ ತೀರ್ಮಾನ ಆಗಿರುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ಹೋಗಿ. ಆದರೆ "ದರ ಏರಿಸಬೇಡಿ ಸ್ವಾಮಿ" ಅಂತ ಹೇಳೋಕೆ ಮಾತ್ರ ಹೋಗಬೇಡಿ. ಮೊದಲ ಸಲ ನಾನು ಮಾಡಿದ್ದು ಅದನ್ನೇ.

ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜ ಹದ ಮಾಡುವ ಕಾರ್ಖಾನೆ) ಲೆಕ್ಕಪತ್ರ ನೋಡಿಕೊಳ್ಳುವವನು. ನಾಲ್ಕು ಹಾಳೆ ಬರೆದುಕೊಂಡು ಹೋಗಿದ್ದೆ. ಕೈಗಾರಿಕೆ ಉಳಿಯಬೇಕು, ಕೂಲಿಯವರ ಹೊಟ್ಟೆ ಪಾಡು, ಹೀಗೆ. ಆಯೋಗದವರು ಮರ್ಯಾದೆಯಿಂದಲೇ ಕೇಳಿದರು, ಬರೆದುಕೊಂಡರು, ಮುಂದಿನವರನ್ನು ಕರೆದರು. ನನ್ನ ನಂತರ ಬಂದವರು ಒಬ್ಬ ರೈತರು, ಹೆಗಲ ಮೇಲೆ ಹಸಿರು ಶಾಲು. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಪಂಪ್‌ಸೆಟ್‌ಗೆ ಮೀಟರೇ ಇಲ್ಲ. ಇಷ್ಟು ಯೂನಿಟ್ ಉರಿಸಿದ್ದೀವಿ ಅಂತ ನಿಮಗೆ ಹೇಳಿದವರು ಯಾರು?" ವಿದ್ಯುತ್ ಕಂಪನಿಯ ಅಧಿಕಾರಿಗಳು ಫೈಲ್ ತಿರುವಿ ಹಾಕೋಕೆ ಶುರು ಮಾಡಿದರು. ಇಡೀ ಬೆಳಿಗ್ಗೆ ಉತ್ತರಕ್ಕೆ ತಡಕಾಡಿದ್ದು ಅದೊಂದೇ ಪ್ರಶ್ನೆಗೆ.

ಆ ಪ್ರಶ್ನೆ ನಿಮ್ಮದೂ ಹೌದು. ಹೇಗೆ ಅಂದರೆ, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಆ ದುಡ್ಡು ಸರ್ಕಾರ ಸಬ್ಸಿಡಿಯಾಗಿ ಕಟ್ಟಬೇಕು. ಹೆಚ್ಚಿನವಕ್ಕೆ ಮೀಟರ್ ಇಲ್ಲದ್ದರಿಂದ ಬಳಕೆಯನ್ನು ಅಂದಾಜು ಮಾಡುತ್ತಾರೆ. ಅಂದಾಜು ಉಬ್ಬಿದರೆ ಲೈನಿನಲ್ಲಿ ಸೋರಿದ್ದು, ಕದ್ದದ್ದು ಎಲ್ಲ ಪಂಪ್‌ಸೆಟ್ ಲೆಕ್ಕದೊಳಗೆ ಕೂತುಬಿಡುತ್ತದೆ. ಕಾಗದದ ಮೇಲೆ ನಷ್ಟ ಕಮ್ಮಿ ಕಾಣುತ್ತದೆ. ಸೋರಿದ ಕರೆಂಟನ್ನೂ ಎಸ್ಕಾಂ (ಕರೆಂಟ್ ಹಂಚುವ ಕಂಪನಿ) ದುಡ್ಡು ಕೊಟ್ಟೇ ಕೊಂಡಿರುತ್ತದಲ್ವಾ? ಅದರ ಖರ್ಚು ಕೊನೆಗೆ ಬಿಲ್ ಕಟ್ಟುವವರ ತಲೆಗೇ ಬರುತ್ತದೆ. ಎಸ್ಕಾಂ ಖರ್ಚಿನಲ್ಲಿ ಸಿಂಹಪಾಲು ಕರೆಂಟ್ ಕೊಳ್ಳುವ ಖರ್ಚೇ. ಹಾಗಾಗಿ ನಷ್ಟದ ಲೆಕ್ಕ ಸರಿಯಾಗಿ ಹಿಡಿದರೆ ಅದರ ಪರಿಣಾಮ ನಿಮ್ಮ ಯೂನಿಟ್ ದರದ ತನಕ ಬರುತ್ತದೆ. ರೈತರ ವಿರುದ್ಧ ಮಾತಾಡುವ ಅಗತ್ಯವೇ ಇಲ್ಲ. ಈ ವಿಷಯದಲ್ಲಿ ಅವರೂ ನೀವೂ ಒಂದೇ ಕಡೆ.

2003ರ ವಿದ್ಯುತ್ ಕಾಯ್ದೆಯಲ್ಲಿ ಇದಕ್ಕೆಲ್ಲ ಕ್ರಮ ಇದೆ. ಎಸ್ಕಾಂ ತನ್ನ ಖರ್ಚು ಆದಾಯದ ಪಟ್ಟಿ ಹಾಕಿ ಅರ್ಜಿ ಕೊಡಬೇಕು, ಪ್ರಕಟಿಸಬೇಕು, ಅರ್ಜಿ ಬಂದ 120 ದಿನದೊಳಗೆ ಆಯೋಗ ಆಕ್ಷೇಪಣೆ ಕೇಳಿ ಆದೇಶ ಕೊಡಬೇಕು. ಆ ಅರ್ಜಿ ಎಸ್ಕಾಂ ವೆಬ್‌ಸೈಟಿನಲ್ಲಿ ಸಿಗುತ್ತದೆ. ದಪ್ಪ ನೋಡಿ ಹೆದರಬೇಡಿ. ವಿದ್ಯುತ್ ಖರೀದಿ, ವಿತರಣಾ ನಷ್ಟ, ಪಂಪ್‌ಸೆಟ್ ಬಳಕೆ, ಈ ಮೂರು ಪಟ್ಟಿ ನೋಡಿದರೆ ಸಾಕು. ಕಳೆದ ವರ್ಷ ಆಯೋಗ ಒಪ್ಪಿದ ಅಂಕಿ ಎಷ್ಟು, ಈ ವರ್ಷ ಕೇಳಿದ್ದು ಎಷ್ಟು, ಯಾಕೆ ಜಾಸ್ತಿ ಅಂತ ಕೇಳಿ. ಲಿಖಿತವಾಗಿ ಕೇಳಿದರೆ ಎಸ್ಕಾಂ ಉತ್ತರ ಕೊಡಬೇಕಾಗುತ್ತದೆ, ಅದು ಆದೇಶದಲ್ಲೂ ದಾಖಲಾಗುತ್ತದೆ. ಕನ್ನಡದಲ್ಲೇ ಬರೆಯಿರಿ, ಏನೂ ತೊಂದರೆ ಇಲ್ಲ.

ಎಲ್ಲ ಮೊದಲೇ ತೀರ್ಮಾನ ಆಗಿರುತ್ತಾ ಅಂದರೆ, ನನಗೆ ಹಾಗೆ ಅನಿಸಿಲ್ಲ. 2023ರ ಮೇ 12ರಂದು ಸರಾಸರಿ ಯೂನಿಟ್‌ಗೆ 70 ಪೈಸೆ ಏರಿಸಿದರು. ಅದೂ ಏಪ್ರಿಲ್ 1ರಿಂದಲೇ ಜಾರಿ, ಹಿಂಬಾಕಿ ಸೇರಿ ಜೂನ್ ಬಿಲ್ ನೋಡಿ ನಮ್ಮ ಯಜಮಾನರು ನನ್ನ ಲೆಕ್ಕ ತಪ್ಪಿದೆ ಅಂತಲೇ ಅಂದುಕೊಂಡರು. ಮುಂದಿನ ವರ್ಷವೇ, 2024ರ ಆದೇಶದಲ್ಲಿ, ಎಚ್‌ಟಿ ಕೈಗಾರಿಕೆಗೆ ಯೂನಿಟ್‌ಗೆ 50 ಪೈಸೆ ಇಳಿಯಿತು. ಮತ್ತೆ 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ, ಗ್ರಾಚ್ಯುಟಿ ಹೆಸರಲ್ಲಿ 36 ಪೈಸೆ ಸರ್‌ಚಾರ್ಜ್ ಬಂತು. ಇಳಿದದ್ದು ನನ್ನಂಥವರ ಭಾಷಣದಿಂದಂತೂ ಅಲ್ಲ. 1 ಮೆಗಾವ್ಯಾಟ್ ಮೇಲಿನ ಗ್ರಾಹಕರು ಓಪನ್ ಆಕ್ಸೆಸ್‌ನಲ್ಲಿ, ಅಂದರೆ ಎಸ್ಕಾಂ ಬಿಟ್ಟು ಹೊರಗಡೆಯವರಿಂದ, ಕರೆಂಟ್ ಕೊಳ್ಳಬಹುದು. ಅಂಥವರು ಹೊರಟುಹೋದರೆ ಉಳಿದವರಿಗಾಗಿ ಜಾಸ್ತಿ ಕಟ್ಟುವ ಕೈಗಳೇ ಕಮ್ಮಿಯಾಗುತ್ತವೆ. ಎಸ್ಕಾಂಗೆ ನಿಜವಾಗಿ ಬಿಸಿ ಮುಟ್ಟುವುದು ಅಲ್ಲಿ. ನಿಮ್ಮ ಆಕ್ಷೇಪಣೆಯಲ್ಲಿ ಈ ಮಾತೂ ಇರಲಿ.

ಬಿಲ್ಲಿನಲ್ಲಿರುವ 9% ವಿದ್ಯುತ್ ತೆರಿಗೆ ಆಯೋಗದ್ದಲ್ಲ, ಸರ್ಕಾರದ್ದು. ಅದರ ಬಗ್ಗೆ ಅಲ್ಲಿ ಕೂಗಾಡಿ ಸಮಯ ಕಳೆಯಬೇಡಿ.

ಇನ್ನೊಂದು, ನೀವು ಕೇಳದೇ ಇದ್ದದ್ದು. ಮೈಸೂರಿಗೆ ಹೊರಡುವ ಮೊದಲು ನಿಮ್ಮ ಒಂದು ವರ್ಷದ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ, ಕಾಂಟ್ರಾಕ್ಟ್ ಡಿಮ್ಯಾಂಡ್ (ಇಷ್ಟು ಲೋಡ್ ಬೇಕು ಅಂತ ಎಸ್ಕಾಂ ಜೊತೆ ಮಾಡಿಕೊಂಡ ಒಪ್ಪಂದ) ಎಷ್ಟು, ಮೀಟರಿನಲ್ಲಿ ಬಂದ ಡಿಮ್ಯಾಂಡ್ ಎಷ್ಟು ನೋಡಿ. ನಮ್ಮಲ್ಲಿ ಎರಡು ಹಳೇ ಡ್ರೈಯರ್ ತೆಗೆದು ವರ್ಷಗಳೇ ಆಗಿದ್ದವು. ಕಾಂಟ್ರಾಕ್ಟ್ ಡಿಮ್ಯಾಂಡ್ ಮಾತ್ರ ಹಾಗೇ ಇತ್ತು! ಓಡದ ಮೋಟರಿಗೆ ತಿಂಗಳು ತಿಂಗಳು ಕೆವಿಎ (ಲೋಡಿನ ಅಳತೆ) ಲೆಕ್ಕದಲ್ಲಿ ದುಡ್ಡು ಕಟ್ಟುತ್ತಿದ್ದೆವು. ತಪ್ಪು ಪೂರ್ತಿ ನಮ್ಮದೇ, ನನ್ನದೇ ಅಂದರೂ ಸರಿ. ಕ್ಯೂರಿಂಗ್ ಕೆಲಸ ಜೋರಾಗಿ ಇರುವುದು ಕೊಯ್ಲು ಮುಗಿದ ಮೇಲಿನ ಕೆಲವು ತಿಂಗಳು, ಮಳೆಗಾಲದಲ್ಲಿ ಅರ್ಧ ಯಂತ್ರ ಸುಮ್ನೆ ನಿಂತಿರುತ್ತವೆ. ನಿಮ್ಮದೂ ಸೀಸನ್ ಕೆಲಸವಾದರೆ ದರಪಟ್ಟಿಯಲ್ಲಿ ಸೀಸನಲ್ ಕೈಗಾರಿಕೆಯ ಷರತ್ತು ಓದಿ. ಯಾವ ತಿಂಗಳು ಓಡಿಸುತ್ತೀರಿ ಅಂತ ಮುಂಚೆಯೇ ಬರೆದುಕೊಡಬೇಕು, ಬಿಲ್ ಬಂದ ಮೇಲೆ ಹೋದರೆ ನಡೆಯಲ್ಲ. ಕೆಪಾಸಿಟರ್ ಸರಿ ಇದೆಯಾ ಅಂತಲೂ ನೋಡಿಸಿ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) 0.90ಕ್ಕಿಂತ ಕೆಳಗಿಳಿದರೆ ದಂಡ ಬೀಳುತ್ತದೆ.

ಚಿಕ್ಕಮಗಳೂರಿನ ಘಟಕಕ್ಕೆ ಬೇರೆಯೇ ಆಕ್ಷೇಪಣೆ ಹಾಕಬೇಕು. ಹಾಸನ ಮೈಸೂರಿನ ಎಸ್ಕಾಂ ಆದ ಸೆಸ್ಕ್‌ಗೆ ಸೇರಿದ್ದು, ಚಿಕ್ಕಮಗಳೂರು ಮಂಗಳೂರಿನ ಎಸ್ಕಾಂ ಆದ ಮೆಸ್ಕಾಂಗೆ. ಅರ್ಜಿ ಬೇರೆ, ಅಂಕಿ ಬೇರೆ, ವಿಚಾರಣೆಯೂ ಬೇರೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನಷ್ಟದ ಅಂಕಿ ಹೋಲಿಸಿ ನೋಡಿ. ಆಯೋಗದ ಮುಂದೆ ಕೇಳಬೇಕಾದ ಮೊದಲ ಪ್ರಶ್ನೆ ನಿಮಗೆ ಅಲ್ಲೇ ಸಿಗುತ್ತದೆ.