ಜೋಮು ಹಿಡಿಯೋ ಪಾದ ಇಟ್ಟುಕೊಂಡು ಇಂಗ್ಲೆಂಡಿಗೆ ಹೊರಡುವ ಮುಂಚೆ

ನೀವು ಕೇಳಿರೋದು ಇದು: ವಯಸ್ಸು 44, ಊರು ಮಂಡ್ಯ, 9 ವರ್ಷದಿಂದ ಶುಗರ್, ಅಷ್ಟೂ ವರ್ಷ ಮೆಟ್‌ಫಾರ್ಮಿನ್, ಮನೆಯಲ್ಲಿ ಮಾಂಸ ಮೊಟ್ಟೆ ಮುಟ್ಟಲ್ಲ. ನಿಮ್ಮ ಮನೆಯವರಿಗೆ ಇಲ್ಲಿ ಇಂಗ್ಲೆಂಡಿನಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಜನವರಿಯಲ್ಲಿ ನೀವೂ ಬಂದು ಗೋದಾಮಿನ ಕೆಲಸ ಹುಡುಕೋ ಯೋಚನೆ. ಆರು ತಿಂಗಳಿಂದ ಸಂಜೆಯಾದರೆ ಪಾದ ಜೋಮು ಹಿಡಿಯುತ್ತೆ, ಇಲ್ಲಿನ ಚಳಿಗೆ ಅದು ಜಾಸ್ತಿಯಾದರೆ ಏನು ಗತಿ ಅಂತ ಭಯ.

ಚಳಿಗಿಂತ ನನಗೆ ಹೆಚ್ಚು ಭಯ ಚಳಿ ಕಾಯಿಸೋ ಸಾಮಾನುಗಳದ್ದು. ಅದಕ್ಕೆ ಆಮೇಲೆ ಬರ್ತೀನಿ. ವಿಮಾನ ಹತ್ತುವ ಮುಂಚೆ ಜೋಮು ಯಾಕೆ ಅಂತ ಪತ್ತೆ ಮಾಡಿಸಿ. ಶುಗರ್ ಇರೋರು ಕಾಲು ಜೋಮು ಅಂದರೆ 'ಶುಗರ್‌ದೇ ಬಿಡಿ' ಅಂತ ಎಲ್ಲರೂ ಅಲ್ಲಿಗೇ ನಿಲ್ಲಿಸಿಬಿಡ್ತಾರೆ. ಕಾಲಿನ ನರ ಹಾಳಾಗೋಕೆ ಶುಗರ್‌ಗಿಂತ ದೊಡ್ಡ ಕಾರಣ ಇಲ್ಲ ಅನ್ನೋದು ನಿಜ. ಆದರೆ ನಿಮ್ಮ ವಿಷಯದಲ್ಲಿ ವಿಟಮಿನ್ ಬಿ12 ಕೊರತೆಯ ಅನುಮಾನವೂ ಅಷ್ಟೇ ಬಲವಾಗಿದೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಕರುಳು ಬಿ12 ಹೀರಿಕೊಳ್ಳೋದು ಕಮ್ಮಿಯಾಗುತ್ತೆ. ಊಟದಿಂದ ಅದು ಸಿಗೋದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ನಿಮಗೆ ಉಳಿದಿರೋದು ಹಾಲು ಮೊಸರು. ಮುದ್ದೆ, ಸೊಪ್ಪು, ಕಾಳು ಎಷ್ಟು ತಿಂದರೂ ಆ ಕೊರತೆ ತುಂಬಲ್ಲ. ಶುಗರ್‌ನಿಂದ ಸೋತ ನರ ಮತ್ತೆ ಮೊದಲಿನಂತಾಗೋದು ಕಷ್ಟ, ಬಿ12 ಕೊರತೆಯದ್ದು ಬೇಗ ಹಿಡಿದರೆ ಬಹಳ ಮಟ್ಟಿಗೆ ಸರಿಹೋಗುತ್ತೆ. ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ರಕ್ತ ಕೊಡೋ ಮುಂಚೆ ಮೆಡಿಕಲ್ ಸ್ಟೋರ್‌ನಿಂದ ಬಿ-ಕಾಂಪ್ಲೆಕ್ಸ್ ತಂದು ನುಂಗಬೇಡಿ, ಬಿ12 ಇಂಜೆಕ್ಷನ್ನೂ ಬೇಡ. ಆಮೇಲೆ ರಿಪೋರ್ಟ್‌ನಲ್ಲಿ ಬಿ12 ಚೆನ್ನಾಗೇ ಕಾಣುತ್ತೆ, ನಿಜಸ್ಥಿತಿ ಮುಚ್ಚಿಹೋಗುತ್ತೆ. ಬಿ12 ಜೊತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಕಿಡ್ನಿ), ಸಿಬಿಸಿ (ರಕ್ತಕಣಗಳ ಎಣಿಕೆ) ಒಂದೇ ಸಲ ಮಾಡಿಸಿ, ಯಾಕೆಂದರೆ ಥೈರಾಯ್ಡ್ ಕಮ್ಮಿಯಿದ್ದರೂ ಕಿಡ್ನಿ ಸೋತಿದ್ದರೂ ಪಾದ ಜೋಮು ಹಿಡಿಯುತ್ತೆ. ಬಿ12 ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. 200ರಿಂದ 300ರೊಳಗಿದ್ದು ಜೋಮೂ ಇದ್ದರೆ 'ನಾರ್ಮಲ್' ಅನ್ನೋ ಮಾತಿಗೆ ಸಮಾಧಾನ ಪಡಬೇಡಿ, ಡಾಕ್ಟರ್ ಜೊತೆ ಕೂತು ಮಾತಾಡಿ. ಬರೀ ಫೋಲಿಕ್ ಆಸಿಡ್ ತಗೊಂಡರೆ ರಕ್ತಹೀನತೆ ಸರಿಹೋದಂತೆ ಕಾಣುತ್ತೆ, ನರ ಒಳಗೊಳಗೇ ಹಾಳಾಗ್ತಿರುತ್ತೆ. ನರಕ್ಕೆ ಒಳ್ಳೇದು ಅಂತ ಬಿ6 ಅನ್ನು ದಿನಕ್ಕೆ 100 ಮಿಲಿಗ್ರಾಂ ಮೀರಿ ತಿಂಗಳುಗಟ್ಟಲೆ ನುಂಗಿದರೆ ಅದೇ ಜೋಮು ತರಿಸಬಹುದು.

ಹೊರಡೋದರೊಳಗೆ ಶುಗರ್ ಇಳಿಸಿಬಿಡ್ತೀನಿ ಅಂತ ಉಪವಾಸ ಬೀಳಬೇಡಿ. ಎಚ್‌ಬಿಎ1ಸಿ ಮೂರು ತಿಂಗಳಲ್ಲಿ 2 ಅಂಶಕ್ಕಿಂತ ಹೆಚ್ಚು ಇಳಿದರೆ ಕೆಲವರಿಗೆ ಪಾದದ ಉರಿ ವಿಪರೀತವಾಗುತ್ತೆ.

ಕುಡಿತ, ಬೀಡಿ ಸಿಗರೇಟು ಇದ್ದರೆ ಎರಡೂ ನರಕ್ಕೆ ಕೆಟ್ಟದ್ದು. ಇನ್ನೊಂದು, ಮೈಮೇಲೆ ಎಲ್ಲಾದರೂ ಬಣ್ಣ ತಿಳಿಯಾಗಿ ಅಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ, ಅಥವಾ ಜೋಮು ಒಂದೇ ಕೈ ಇಲ್ಲವೇ ಒಂದೇ ಕಾಲಿನಲ್ಲಿದ್ದರೆ, ಕುಷ್ಠ ಇದೆಯೇ ಅಂತ ಅಲ್ಲೇ ತೋರಿಸಿಕೊಂಡು ಬನ್ನಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ವಾಸಿಯಾಗೋ ಕಾಯಿಲೆ, ನಾಚಿಕೆ ಪಡೋ ವಿಷಯವೇ ಅಲ್ಲ. ಇಲ್ಲಿನ ಡಾಕ್ಟರಿಗೆ ಅದು ಅಪರೂಪ, ತಕ್ಷಣ ಹೊಳೆಯದೇ ಇರಬಹುದು.

ಸ್ಪರ್ಶ ಎಷ್ಟು ಉಳಿದಿದೆ ಅಂತ ಮನೆಯಲ್ಲೇ ನೋಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಶುರುವಾದ ಪರೀಕ್ಷೆ ಇದು. ನೀವು ಮಲಗಿ ಕಣ್ಣು ಮುಚ್ಚಿ. ನಿಮ್ಮ ಮನೆಯವರು ತೋರುಬೆರಳ ತುದಿಯಿಂದ ನಿಮ್ಮ ಕಾಲ್ಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ: ಬಲಗಾಲ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು. ಒತ್ತಬಾರದು, ಸವರಬಾರದು, ಗೊತ್ತಾಗಲಿಲ್ಲ ಅಂತ ಎರಡನೇ ಸಲ ಮುಟ್ಟಬಾರದು. ಮುಟ್ಟಿದಾಗ 'ಬಲ', 'ಎಡ' ಅನ್ನಿ. ಆರರಲ್ಲಿ ಎರಡು ತಪ್ಪಿದರೂ ಸ್ಪರ್ಶ ಕುಂದಿರುವ ಸಾಧ್ಯತೆ ಹೆಚ್ಚು. ನಡೆಯುವಾಗ ಹವಾಯಿ ಚಪ್ಪಲಿ ಜಾರಿಹೋದದ್ದು ಗೊತ್ತಾಗದಿದ್ದರೆ, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಓಲಾಡಿದರೆ, ಪರೀಕ್ಷೆಗೆ ಕಾಯದೆ ಡಾಕ್ಟರಿಗೆ ಹೇಳಿ.

ಈಗ ಇಲ್ಲಿನ ಮನೆ. ಗೋಡೆಗೆ ಹಾಕಿರೋ ರೇಡಿಯೇಟರ್‌ಗೆ ಪಾದ ಆನಿಸಿ ಕೂರೋದು, ಬಿಸಿನೀರಿನ ಬ್ಯಾಗ್ ಕಾಲಡಿ ಇಟ್ಟು ಮಲಗೋದು ಇಲ್ಲಿ ಮಾಮೂಲಿ. ಸ್ಪರ್ಶ ಕುಂದಿದ ಪಾದ ಅದರಲ್ಲಿ ಸುಟ್ಟು ಬೊಬ್ಬೆ ಎದ್ದಿದ್ದು ಬೆಳಗ್ಗೆ ಕಾಲುಚೀಲ ಒದ್ದೆಯಾದಾಗಲೇ ಗೊತ್ತಾಗೋದು. ಬ್ಯಾಗ್‌ನಿಂದ ಹಾಸಿಗೆ ಬೆಚ್ಚಗೆ ಮಾಡಿಕೊಳ್ಳಿ, ಮಲಗೋ ಮುಂಚೆ ತೆಗೆದಿಡಿ. ಹಳೇ ಮನೆಗಳಲ್ಲಿ ಬಿಸಿನೀರು ತಣ್ಣೀರಿಗೆ ಬೇರೆ ಬೇರೆ ನಲ್ಲಿ, ಟ್ಯಾಂಕಿನ ನೀರು 60 ಡಿಗ್ರಿಯವರೆಗೂ ಕಾದಿರುತ್ತೆ. ಅಷ್ಟು ಬಿಸಿ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತೆ. ಮೊದಲು ತಣ್ಣೀರು ಬಿಡಿ, ಆಮೇಲೆ ಬಿಸಿ. ಮೊಣಕೈ ಅದ್ದಿ ನೋಡಿ, ಕಾಲಿಟ್ಟು ನೋಡಬೇಡಿ.

ಗೋದಾಮಿನ ಸೇಫ್ಟಿ ಶೂ ಮುಂಭಾಗದಲ್ಲಿ ಸ್ಟೀಲ್ ಇರುತ್ತೆ, ಅದು ಹಾಕ್ತಾ ಹಾಕ್ತಾ ಹಿಗ್ಗಲ್ಲ. ಸಂಜೆ, ಪಾದ ಸ್ವಲ್ಪ ಊದಿರುವಾಗ ಹೋಗಿ ಕೊಳ್ಳಿ. ಉದ್ದನೆಯ ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಇರಲಿ, ಅಗಲವೂ ಸಾಕಷ್ಟಿರಲಿ. ಮೊದಲ ದಿನ ಒಂದು ಗಂಟೆ ಹಾಕಿ ಬಿಚ್ಚಿ, ಎಲ್ಲಿ ಕೆಂಪಾಗಿದೆ ನೋಡಿ. ಪ್ರತಿ ಸಲ ಹಾಕುವಾಗ ಒಳಗೆ ಕೈ ಹಾಕಿ ಸವರಿ, ಕಲ್ಲು, ಮಡಚಿದ ಸೋಲ್, ಎದ್ದ ಮೊಳೆ ಕೈಗೆ ಸಿಗುತ್ತೆ. ಸ್ನಾನದ ನಂತರ ಬೆರಳ ಸಂದಿ ಒರೆಸಿ, ಹಿಮ್ಮಡಿಗೆ ಕ್ರೀಮ್ ಹಚ್ಚಿ, ಸಂದಿಗೆ ಮಾತ್ರ ಹಚ್ಚಬೇಡಿ. ಆಣಿಗೆ ಹಚ್ಚೋ ಪಟ್ಟಿ ಇಲ್ಲಿನ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತೆ. ಅದರಲ್ಲಿ ಆಸಿಡ್ ಇರೋದರಿಂದ ನಿಮಗದು ಬೇಡವೇ ಬೇಡ.

ಬಂದ ವಾರದಲ್ಲೇ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೆಸರು ಬರೆಸಿ, ದುಡ್ಡು ಕೊಡಬೇಕಾಗಿಲ್ಲ. ಶುಗರ್ ಇರೋರಿಗೆ ವರ್ಷಕ್ಕೊಮ್ಮೆ ಪಾದದ ತಪಾಸಣೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಉಚಿತ, ಕರೆಯದಿದ್ದರೆ ನೀವೇ ಕೇಳಿ. ಇಂಗ್ಲೆಂಡಿನಲ್ಲಿ ಶುಗರ್ ಮಾತ್ರೆ ತಗೊಳ್ಳೋರು ಜಿಪಿ ಹತ್ತಿರ ಎಫ್‌ಪಿ92ಎ ಫಾರಂ ತುಂಬಿಸಿದರೆ ಔಷಧಿಗೆಲ್ಲ ಶುಲ್ಕ ಇಲ್ಲ. ಊರಿನ ರಿಪೋರ್ಟು, ಮಾತ್ರೆಗಳ ಜೆನೆರಿಕ್ ಹೆಸರಿರೋ ಚೀಟಿ ತನ್ನಿ. ಇಲ್ಲಿ ಅಳತೆ ಬೇರೆ: ರಕ್ತದ ಶುಗರ್ ನಮ್ಮ 180 ಇಲ್ಲಿ 10, ಎಚ್‌ಬಿಎ1ಸಿ 7 ಇಲ್ಲಿ 53. ಪಾದದಲ್ಲಿ ಗಾಯವಾದರೆ, ಅಥವಾ ಒಂದೇ ಪಾದ ಕೆಂಪಾಗಿ ಬಿಸಿಯಾಗಿ ಊದಿದರೆ, ನೋವಿಲ್ಲದಿದ್ದರೂ ಅವತ್ತೇ ಜಿಪಿಗೆ ಇಲ್ಲವೇ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ನೋವಿಲ್ಲ ಅಂತ ಅದರ ಮೇಲೆ ನಡೆದರೆ ಒಳಗಿನ ಮೂಳೆ ಕುಸಿಯಬಹುದು. ಜೋಮು ಕೆಲವೇ ದಿನದಲ್ಲಿ ಮೇಲೇರುತ್ತಾ ಕಾಲಿನ ಶಕ್ತಿ ಹೋದರೆ ನೇರ ಎಮರ್ಜೆನ್ಸಿಗೆ ಹೋಗಿ.

ನಿಮ್ಮ ಮನೆಯವರಿಗೂ ಒಂದು ಮಾತು. ಕೆಲಸಕ್ಕೆ ಸೇರುವಾಗ ಸುಪ್ತ ಟಿಬಿ (ಲಕ್ಷಣವಿಲ್ಲದೆ ಮೈಯಲ್ಲಿ ಅಡಗಿರೋ ಟಿಬಿ) ಇದೆಯೇ ಅಂತ ನೋಡಬಹುದು. ಅದಕ್ಕೆ ಐಸೊನಿಯಾಜಿಡ್ ಅನ್ನೋ ಮಾತ್ರೆ ಬರೆದುಕೊಟ್ಟರೆ ಜೊತೆಗೆ ಬಿ6 ಇದೆಯೇ ಅಂತ ಕೇಳಲಿ, ಆ ಮಾತ್ರೆ ಬಿ6 ಕಮ್ಮಿ ಮಾಡಿ ನರಕ್ಕೆ ತಟ್ಟುತ್ತೆ. ನಿಮಗೆ ನರದ ತೊಂದರೆ ಖಚಿತವಾದರೆ ಡ್ರೈವಿಂಗ್ ಲೈಸೆನ್ಸ್ ವಿಷಯದಲ್ಲಿ ಡಿವಿಎಲ್‌ಎಗೆ (ಇಲ್ಲಿನ ಲೈಸೆನ್ಸ್ ಕಚೇರಿಗೆ) ತಿಳಿಸಲೇಬೇಕು, ಮುಚ್ಚಿಟ್ಟರೆ 1,000 ಪೌಂಡ್‌ವರೆಗೆ ದಂಡ.

ನಿಮ್ಮ ತಂದೆಯವರಿಗೂ ಶುಗರ್ ಅಂದಿರಿ, ಬರಿಗಾಲಲ್ಲೇ ಗದ್ದೆಗೆ ಹೋಗ್ತಾರೆ ಅಂದಿರಿ. ಕಬ್ಬು ಕಡಿದ ಕೂಳೆ ಚುಚ್ಚಿದ್ದು ಗೊತ್ತಾಗದೆ ಕೀವಾಗೋವರೆಗೂ ಓಡಾಡೋದು ನಮ್ಮ ಕಡೆ ನಿಜವಾದ ಅಪಾಯ. ಹೊರಡೋ ಮುಂಚೆ ಹಿಂದೆ ಪಟ್ಟಿ ಇರೋ ಎಂಸಿಆರ್ (ಮೆತ್ತನೆ ರಬ್ಬರಿನ) ಚಪ್ಪಲಿ ಕೊಡಿಸಿ, ಗದ್ದೆಗೆ ಮುಚ್ಚಿದ ಶೂ ಬೇರೆ ಕೊಡಿಸಿ. ಅವರಿಗೂ ಬೆರಳು ಮುಟ್ಟಿ ನೋಡೋ ಪರೀಕ್ಷೆ ಮಾಡಿ. ವಾರಕ್ಕೊಮ್ಮೆ ನಿಮ್ಮ ತಂಗಿ ಅಪ್ಪನ ಎರಡೂ ಪಾದದ ಅಡಿ, ಹಿಮ್ಮಡಿ, ಬೆರಳ ಸಂದಿಯ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಲಿ, ಬೆಳಕಿರೋ ಜಗಲಿಯಲ್ಲಿ, ಪಾದ ತೊಳೆದು ಒರೆಸಿದ ಮೇಲೆ.